ಚೀಟಿ ಕಲೆಸಿ ಕಲಿತ ಪಿ-ವ್ಯಾಲ್ಯೂ

ಸಮಾಜಶಾಸ್ತ್ರದಲ್ಲಿ ಸಂಶೋಧನೆಗೆ ಸೇರಿದ ಹೊಸದರಲ್ಲಿ ನಾನು ತಿಳಿದುಕೊಂಡಿದ್ದು ಇಷ್ಟೇ: ಸಂಖ್ಯಾಶಾಸ್ತ್ರದ ಪರೀಕ್ಷೆ ಕೊಡುವ ಪಿ-ವ್ಯಾಲ್ಯೂ ಅನ್ನೋ ಸಂಖ್ಯೆ 0.05ಕ್ಕಿಂತ ಕಡಿಮೆ ಬಂದರೆ ನನ್ನ ಊಹೆ ಶೇ 95ರಷ್ಟು ನಿಜ. ಅದು ತಪ್ಪು ಅಂತ ಅರ್ಥವಾಗಿದ್ದು 40 ಚೀಟಿ ಕಲೆಸಿದ ಮೇಲೆ.

ಸ್ವಸಹಾಯ ಸಂಘದಲ್ಲಿರುವ ಹೆಂಗಸರು ಗ್ರಾಮಸಭೆಗೆ ಜಾಸ್ತಿ ಹೋಗುತ್ತಾರಾ? ಇದು ನನ್ನ ಪ್ರಶ್ನೆ. ಮೊದಲ ಸುತ್ತಿನಲ್ಲಿ ಸಂಘದ 20 ಮಂದಿಯನ್ನು, ಸಂಘಕ್ಕೆ ಸೇರದ 20 ಮಂದಿಯನ್ನು ಮಾತಾಡಿಸಿದೆ. ಸಂಘದವರಲ್ಲಿ 12 ಮಂದಿ ಹೋಗಿದ್ದರು, ಉಳಿದವರಲ್ಲಿ 7. ಅಂತರ 5. ನನಗೆ ಖುಷಿಯೋ ಖುಷಿ.

ಗೈಡ್ ಮೇಡಂ ಹಾಳೆ ನೋಡಿ, "ಸಂಘಕ್ಕೂ ಸಭೆಗೂ ಸಂಬಂಧವೇ ಇಲ್ಲ ಅಂದ್ಕೊಳ್ಳಮ್ಮ. ಆಗಲೂ ಸುಮ್ನೆ 5ರ ಅಂತರ ಎಷ್ಟು ಸಲ ಬರುತ್ತೆ? ಎಣಿಸಿ ನೋಡು" ಅಂದರು.

19 ಚೀಟಿಯಲ್ಲಿ 'ಹೋಗಿದ್ದಾರೆ', 21ರಲ್ಲಿ 'ಇಲ್ಲ' ಅಂತ ಬರೆದೆ. ಡಬ್ಬಿಗೆ ಹಾಕಿ ಕಲೆಸಿ, ನೋಡದೆ 20 ತೆಗೆದು ಒಂದು ಗುಂಪು ಮಾಡಿದೆ. ಉಳಿದಿದ್ದು ಇನ್ನೊಂದು ಗುಂಪು. ಅಂತರ ಬರೆದುಕೊಂಡು ಮತ್ತೆ ಕಲೆಸಿದೆ. ಹೀಗೆ 100 ಸಲ, ಎರಡು ಸಂಜೆ ಹಿಡಿಯಿತು. 5 ಅಥವಾ ಅದಕ್ಕಿಂತ ದೊಡ್ಡ ಅಂತರ, ಯಾವ ಕಡೆಗಾದರೂ ಸರಿ, 22 ಸಲ ಬಂತು. ಆಮೇಲೆ ಕಂಪ್ಯೂಟರ್‌ನಲ್ಲಿ ಇದೇ ಲೆಕ್ಕವನ್ನು ನಿಖರವಾಗಿ ಮಾಡುವ ಫಿಶರ್ ಪರೀಕ್ಷೆ ಮಾಡಿದರೆ ಉತ್ತರ ಸುಮಾರು 0.2. ನೂರಕ್ಕೆ ಇಪ್ಪತ್ತು! ಸಂಬಂಧವೇ ಇಲ್ಲದಿದ್ದಾಗಲೂ ಇಷ್ಟು ಅಥವಾ ಇದಕ್ಕಿಂತ ದೊಡ್ಡ ಅಂತರ ಎಷ್ಟು ಸಲ ಕಾಣಿಸುತ್ತದೆ ಅನ್ನೋದೇ ಪಿ-ವ್ಯಾಲ್ಯೂ. ನನ್ನ ಊಹೆ ನಿಜವಾ ಅಂತ ಅದು ಹೇಳುವುದೇ ಇಲ್ಲ.

ಹಾಗಂತ 'ಸಂಬಂಧವಿಲ್ಲ' ಅಂತ ಬರೆದುಬಿಡೋದೂ ತಪ್ಪು. 200ರಲ್ಲಿ 120, 200ರಲ್ಲಿ 70 ಅಂತ ಲೆಕ್ಕ ಹಾಕಿ ನೋಡಿ. ಪ್ರಮಾಣ ಅದೇ, ಆದರೆ ಪಿ-ವ್ಯಾಲ್ಯೂ 0.001ಕ್ಕಿಂತ ಎಷ್ಟೋ ಕೆಳಗಿಳಿಯುತ್ತದೆ. ನನ್ನ 40 ಮಂದಿ ಸಾಲದು, ಅಷ್ಟೇ. ಇನ್ನು 0.05ರ ಗೆರೆ 1925ರಲ್ಲಿ ಸಂಖ್ಯಾಶಾಸ್ತ್ರಜ್ಞ ರೊನಾಲ್ಡ್ ಫಿಶರ್ ಅನುಕೂಲಕ್ಕೆಂದು ಸೂಚಿಸಿದ್ದು. ನಿಜವಾದ ಉತ್ತರ 'ಸಂಬಂಧವಿಲ್ಲ' ಅಂತಲೇ ಇರುವ 20 ಪ್ರಶ್ನೆಗಳನ್ನು ಬೇರೆಬೇರೆಯಾಗಿ ಪರೀಕ್ಷಿಸಿದರೆ, ಒಂದರಲ್ಲಾದರೂ ಪಿ-ವ್ಯಾಲ್ಯೂ ಆ ಗೆರೆಗಿಂತ ಕೆಳಗೆ ಬರುವ ಸಾಧ್ಯತೆ ಶೇ 64. ಅದಕ್ಕೇ ನನ್ನ ಮುಖ್ಯ ಪ್ರಶ್ನೆ ಯಾವುದು ಅಂತ ಊರಿಗೆ ಹೋಗುವ ಮೊದಲೇ ಬರೆದಿಡುತ್ತೇನೆ.

ಚೀಟಿ ಎಷ್ಟು ಕಲೆಸಿದರೂ ಕಾಣದ ಒಂದು ತಪ್ಪು ಬೇರೆ ಇತ್ತು. ನಾನು ಹೋಗಿದ್ದು ಬೆಳಿಗ್ಗೆ ಹನ್ನೊಂದಕ್ಕೆ. ಕೂಲಿಗೆ ಹೋದವರು ಮನೆಯಲ್ಲಿರಲೇ ಇಲ್ಲ, ನನ್ನ ಲೆಕ್ಕಕ್ಕೂ ಬರಲಿಲ್ಲ. ಇದು ನನ್ನನ್ನು ಈಗಲೂ ಕಾಡುತ್ತದೆ. ಎರಡನೇ ಸುತ್ತಿಗೆ ಮತದಾರರ ಪಟ್ಟಿಯಿಂದ ಚೀಟಿ ಎತ್ತಿ ಹೆಸರು ಆರಿಸಿದೆ. ಸಂಜೆ ಏಳರ ಮೇಲೆ ಮನೆಮನೆಗೆ ಹೋದೆ. ಸಿಗದವರ ಮನೆಗೆ ಮೂರು ಸಲ.