ಮಂಡಿ ಬಿಲ್ಲಿಂಗ್ ಪ್ರೋಗ್ರಾಮಿನ ಬಟನ್‌ಗಳು ಕೊನೆಗೂ ಸಾಲಿಗೆ ನಿಂತವು

ಕೋಲಾರ ಎಪಿಎಂಸಿಯ ಟೊಮೆಟೊ ಮಂಡಿಗಳಿಗೆ ಬಿಲ್ಲಿಂಗ್ ಪ್ರೋಗ್ರಾಮ್ ಬರೆದುಕೊಡೋದು ನನ್ನ ಕೆಲಸ. ಶುರು ಮಾಡಿ ಒಂಬತ್ತು ವರ್ಷ ಆಗಿರಬೇಕು. ಲೆಕ್ಕ ತಪ್ಪಿ ಬೈಸಿಕೊಂಡಿದ್ದು ಎರಡೋ ಮೂರೋ ಸಲ. ಬಟನ್ ಕಾಣಿಸದೆ ಬೈಸಿಕೊಂಡಿದ್ದಕ್ಕೆ ಲೆಕ್ಕವೇ ಇಲ್ಲ.

ಬರೆಯೋದು ಮೈಕ್ರೋಸಾಫ್ಟಿನ ವಿಂಡೋಸ್ ಫಾರ್ಮ್ಸ್‌ನಲ್ಲಿ. ಎಲ್ಲರ ಹಾಗೆ ನಾನೂ ಅದರ ಡಿಸೈನರ್ ತೆರೆದು, ಫಾರ್ಮ್ (ಪ್ರೋಗ್ರಾಮಿನ ಒಂದು ಪರದೆ) ಮೇಲೆ ಬಟನ್ ಎಳೆದು, ಸಾಲು ತೋರಿಸೋ ಗೆರೆ (ಸ್ನ್ಯಾಪ್‌ಲೈನ್) ಬಂದ ಕಡೆ ಬಿಟ್ಟು ಮುಂದೆ ಹೋಗುತ್ತಿದ್ದೆ. ನನ್ನ ಲ್ಯಾಪ್‌ಟಾಪಿನಲ್ಲಿ ದಾರ ಹಿಡಿದ ಹಾಗೆ ಸಾಲು. ಮಂಡಿಗೆ ಹೋಗಿ ನೋಡಿದರೆ ಒಂದು ಮೇಲೆ, ಒಂದು ಕೆಳಗೆ. ನನ್ನದು 125 ಪರ್ಸೆಂಟ್ ಸ್ಕೇಲಿಂಗ್ (ವಿಂಡೋಸ್ ಎಲ್ಲವನ್ನೂ ಅಷ್ಟು ಹಿಗ್ಗಿಸಿ ತೋರಿಸುತ್ತೆ), ಅವರದು ಹಳೆ ಚೌಕ ಮಾನಿಟರ್. ಮನೆಯ ಡೆಸ್ಕ್‌ಟಾಪ್ 100 ಪರ್ಸೆಂಟ್. ಒಂದೇ ಪ್ರಾಜೆಕ್ಟನ್ನು ಬೆಳಿಗ್ಗೆ ಅದರಲ್ಲಿ, ರಾತ್ರಿ ಇದರಲ್ಲಿ ತೆರೆದರೆ ಡಿಸೈನರ್ ತಾನಾಗಿಯೇ ಎಲ್ಲ ಲೊಕೇಶನ್ ಬದಲಾಯಿಸಿ ಇಡುತ್ತಿತ್ತು. ನಾನು ಸರಿ ಮಾಡೋದು, ಅದು ಕೆಡಿಸೋದು. ಆರು ತಿಂಗಳು ಇದೇ ಆಟ.

ಪೂರ್ತಿ ಮಣ್ಣು ಮುಕ್ಕಿದ್ದು ಡಾಟ್‌ನೆಟ್ 6ಕ್ಕೆ, ಅಂದರೆ ಪ್ರೋಗ್ರಾಮ್ ಓಡೋಕೆ ಬೇಕಾದ ಮೈಕ್ರೋಸಾಫ್ಟ್ ಫ್ರೇಮ್‌ವರ್ಕ್‌ನ ಮುಂದಿನ ಆವೃತ್ತಿಗೆ ಹೋದಾಗ. ಹಳೆ ಫ್ರೇಮ್‌ವರ್ಕ್‌ನಲ್ಲಿ ಡಿಫಾಲ್ಟ್ ಫಾಂಟ್ ಮೈಕ್ರೋಸಾಫ್ಟ್ ಸಾನ್ಸ್ ಸೆರಿಫ್ 8.25. ಹೊಸದರಲ್ಲಿ ಸೆಗೋ ಯುಐ 9. ಫಾಂಟಿಗೆ ತಕ್ಕ ಹಾಗೆ ಫಾರ್ಮನ್ನು ಹಿಗ್ಗಿಸೋ ಆಟೋಸ್ಕೇಲ್ ಅಳತೆ (ಅಗಲ, ಎತ್ತರ) 6, 13 ಇದ್ದದ್ದು 7, 15 ಆಯ್ತು. ನೋಡೋಕೆ ಸಣ್ಣ ವ್ಯತ್ಯಾಸ. ಆದರೆ 660 ಪಿಕ್ಸೆಲ್ ಎತ್ತರದ ಫಾರ್ಮ್ 760 ದಾಟಿತು. 768ರ ಪರದೆಯಲ್ಲಿ ಪ್ರಿಂಟ್ ಬಟನ್ ಟಾಸ್ಕ್‌ಬಾರ್ ಕೆಳಗೆ ಸೇರಿಕೊಂಡಿತು. ಜುಲೈ ತಿಂಗಳು, ಸೀಜನ್ ಜೋರು. ಹರಾಜು ಮುಗಿದು ರೈತರು ಪಟ್ಟಿಗೆ (ಬಿಲ್ಲಿಗೆ) ಕಾಯುತ್ತಿದ್ದಾರೆ. ಗುಮಾಸ್ತರು ಫೋನ್ ಮಾಡಿ, "ಸಾರ್, ಪ್ರಿಂಟ್ ಎಲ್ಲಿಟ್ರಿ?" ಅಂದರು. ಆಮೇಲೆ ಸಾಹುಕಾರರು ಫೋನ್ ಕಿತ್ತುಕೊಂಡು ತೆಲುಗಿನಲ್ಲಿ ಹೇಳಿದ್ದನ್ನು ಇಲ್ಲಿ ಬರೆಯೋಕಾಗಲ್ಲ.

ಆ ವರ್ಷ ಎರಡು ಮಂಡಿ ಕೈಬಿಟ್ಟವು. ಪ್ರೋಗ್ರಾಮ್‌ಗೆ ನಾನು ತಗೊಳ್ಳೋದು ಎಂಟು ಸಾವಿರ, ವರ್ಷದ ಸರ್ವಿಸ್‌ಗೆ ಎರಡು ಸಾವಿರ. ಶ್ರೀನಿವಾಸಪುರದ ಮಾವಿನ ಮಂಡಿಗೆ ಬರೀ ಬಟನ್ ಸರಿಸೋಕೆ ಏಳೆಂಟು ಸಲ ಬೈಕಿನಲ್ಲಿ ಓಡಾಡಿದ್ದೆ. ಪೆಟ್ರೋಲು, ಹೋದ ಗಿರಾಕಿ, ಪರೀಕ್ಷೆಗೆ ಅಂತ ತಂದ ಸೆಕೆಂಡ್‌ಹ್ಯಾಂಡ್ ಮಾನಿಟರ್ ಎಲ್ಲ ಸೇರಿ ಹದಿನೈದು ಸಾವಿರದ ಹತ್ತಿರ ಕೈಬಿಟ್ಟಿರಬೇಕು.

ಇದೇ ಕೆಲಸ ಮಾಡೋ ಗೆಳೆಯನೊಬ್ಬ ಚಿಂತಾಮಣಿಯಲ್ಲಿದ್ದಾನೆ. "ಒಂದು ಸಾಲು ಬರೆದು ಹಳೆ ಫಾಂಟನ್ನೇ ಇಟ್ಕೋ ಗುರೂ, ಪಿಕ್ಸೆಲ್ ಲೆಕ್ಕವೇ ವಾಸಿ. ಬಟನ್‌ಗೆ ಜಾಗ ತಾನೇ ಹಂಚೋ ಲೇಔಟ್ ಪ್ಯಾನೆಲ್ ಎಲ್ಲ ಸ್ಲೋ" ಅಂದ. ಹಾಗೂ ಮಾಡಿ ನೋಡಿದೆ. ಇಂಗ್ಲಿಷ್ ಬಟನ್ ಸರಿಹೋಯ್ತು. ಕನ್ನಡದ್ದು ಹೋಗಲಿಲ್ಲ. ಆ ಫಾಂಟಿನಲ್ಲಿ ಕನ್ನಡವೇ ಇಲ್ಲ. ವಿಂಡೋಸ್ ಬೇರೆ ಫಾಂಟಿನಿಂದ ಅಕ್ಷರ ತಂದು ಹಾಕುತ್ತೆ, ಎತ್ತರ ಮಾತ್ರ ಹಳೆಯದೇ. "ಮೊತ್ತ"ದ ಒತ್ತು ಕತ್ತರಿಸಿ "ಮೊತ" ಆಗಿತ್ತು. ದುಡ್ಡಿನ ಜಾಗದಲ್ಲೇ ಹೀಗಾದರೆ ಯಾರು ಒಪ್ಪುತ್ತಾರೆ?

ಸಿಟ್ಟಿಗೆ ಒಂದು ಭಾನುವಾರ ಪೈಥಾನ್ ಭಾಷೆಯಲ್ಲಿ ಪರದೆ ಕಟ್ಟೋ ಸಾಧನ ಟಿಕಿಂಟರ್‌ನಲ್ಲೂ ಮಾಡಿ ನೋಡಿದೆ. ಅದರಲ್ಲಿ ಸಾಲು, ಕಾಲಮ್ ಆಗಿ ಜೋಡಿಸೋ ಗ್ರಿಡ್‌ಗೆ ಯೂನಿಫಾರ್ಮ್ ಅನ್ನೋ ಆಪ್ಷನ್ ಇದೆ. ಒಂದೇ ಗುಂಪಿನ ಹೆಸರು ಕೊಟ್ಟು ವೆಯ್ಟ್ (ಜಾಗದ ಪಾಲು) ಸಮ ಇಟ್ಟರೆ ಕಾಲಮ್‌ಗಳೆಲ್ಲ ಒಂದೇ ಅಗಲ. ಬಹಳ ಹಿಡಿಸಿತು. ಒಂದೇ ಫ್ರೇಮಿನಲ್ಲಿ ಪ್ಯಾಕ್, ಗ್ರಿಡ್ ಎರಡೂ ಜೋಡಣೆ ವಿಧಾನ ಬೆರೆಸಿ ಪೆಟ್ಟು ತಿಂದೆ, ಅದು ನನ್ನದೇ ತಪ್ಪು. ಆದರೆ ನಲವತ್ತು ಫಾರ್ಮ್ ಮತ್ತೆ ಬರೆಯೋರು ಯಾರು? ಬಿಟ್ಟೆ. ಸಮ ಅಗಲದ ಆಸೆ ಮಾತ್ರ ತಲೆಯಲ್ಲಿ ಉಳಿಯಿತು.

ವಿಂಡೋಸ್ ಫಾರ್ಮ್ಸ್‌ಗೆ ವಾಪಸ್ ಬಂದು, ಸಾಲು, ಕಾಲಮ್ ಇರೋ ಲೇಔಟ್ ಪ್ಯಾನೆಲ್ ಆದ ಟೇಬಲ್‌ಲೇಔಟ್‌ಪ್ಯಾನೆಲ್ ಹಿಡಿದೆ. ಮೊದಲ ಸಲ ಅತಿ ಮಾಡಿದೆ. ಪ್ಯಾನೆಲ್ ಒಳಗೆ ಪ್ಯಾನೆಲ್, ಐದು ಮಟ್ಟ. 2 ಜಿಬಿ ರ‍್ಯಾಮಿನ ಮಂಡಿ ಕಂಪ್ಯೂಟರಿನಲ್ಲಿ ಫಾರ್ಮ್ ತೆರೆಯೋಕೆ ಮೂರು ನಾಲ್ಕು ಸೆಕೆಂಡ್. ಗೆಳೆಯ ನಕ್ಕ. ಸರಿ, ಎರಡೇ ಮಟ್ಟಕ್ಕೆ ಇಳಿಸಿದೆ. ಹೊರಗಿನ ಟೇಬಲ್‌ಗೆ ಮೂರೇ ಸಾಲು. ಮೇಲೆ ರೈತರ ವಿವರ, ಆಟೋಸೈಜ್ (ಒಳಗಿದ್ದದ್ದಕ್ಕೆ ಬೇಕಾದಷ್ಟೇ ಎತ್ತರ). ನಡುವೆ ಬಾಕ್ಸು, ದರದ ಕೋಷ್ಟಕ (ಗ್ರಿಡ್), 100 ಪರ್ಸೆಂಟ್, ಅಂದರೆ ಉಳಿದ ಜಾಗವೆಲ್ಲ ಅದಕ್ಕೆ. ಕೆಳಗೆ ಬಟನ್ ಸಾಲು, ಮತ್ತೆ ಆಟೋಸೈಜ್. ಪರದೆ ಚಿಕ್ಕದಾದರೆ ಗ್ರಿಡ್ ಕುಗ್ಗಲಿ, ಬಟನ್ ಅಲ್ಲಾಡಬಾರದು. ಫಾಂಟ್ ಎಲ್ಲ ಕಡೆ ನಿರ್ಮಲಾ ಯುಐ 10. ಅದು ವಿಂಡೋಸ್ 8ರಿಂದ ಎಲ್ಲ ಯಂತ್ರದಲ್ಲೂ ಇದೆ. ಅದಕ್ಕಿಂತ ಹಳೆ ವಿಂಡೋಸ್ ಇಟ್ಟುಕೊಂಡವರಿಗೆ ಕೈ ಮುಗಿದೆ.

ನನಗೆ ತಡವಾಗಿ ಹೊಳೆದದ್ದು ಒಂದಿದೆ. ಆಂಕರ್ ಅಂದರೆ ಕೋಶದ ಯಾವ ಅಂಚಿಗೆ ಅಂಟಿಕೊಳ್ಳಬೇಕು ಅನ್ನೋದು. ಲೇಬಲ್‌ಗೆ ಅದು ಬರೀ ಎಡ. ಟೆಕ್ಸ್ಟ್‌ಬಾಕ್ಸ್‌ಗೆ ಎಡ ಮತ್ತು ಬಲ. ಮೇಲೆ, ಕೆಳಗೆ ಎರಡನ್ನೂ ಬಿಡಬೇಕು. ಆಗ ಎರಡೂ ತಮ್ಮ ಸಾಲಿನ ನಡುವೆ ತಾವೇ ನಿಲ್ಲುತ್ತವೆ. ಎರಡು ವರ್ಷ ಪ್ಯಾಡಿಂಗ್ (ಒಳಗಿನ ಖಾಲಿ ಜಾಗ) 3, ಮಾರ್ಜಿನ್ (ಹೊರಗಿನದು) 5 ಅಂತ ಒದ್ದಾಡಿದ್ದು ಸುಮ್ನೆ ದಂಡ. ಇನ್ನೊಂದು, "ಮೊತ್ತ" ಮತ್ತು "ದರ" ಅಕ್ಕಪಕ್ಕ ಇಟ್ಟರೆ ಒತ್ತಿನ ಭಾರಕ್ಕೆ ಮೊತ್ತ ಕೆಳಗೆ ಜಾರಿದ ಹಾಗೆ ಕಾಣುತ್ತೆ. ಜಾರಿರಲ್ಲ. ಕಣ್ಣು ನಂಬಿ ಅದನ್ನು ಎತ್ತಲು ಹೋಗಬೇಡಿ, ನಾನು ಹೋಗಿ ಕೆಟ್ಟೆ.

ಬಟನ್‌ಗಳನ್ನು, ಒಂದರ ಪಕ್ಕ ಒಂದು ಜೋಡಿಸೋ ಫ್ಲೋಲೇಔಟ್‌ಪ್ಯಾನೆಲ್‌ಗೆ ಹಾಕಿ ಬಲದಿಂದ ಎಡಕ್ಕೆ ಬಿಟ್ಟೆ. ಮೊದಲು ಸೇರಿಸಿದ್ದು ಬಲದ ತುದಿಗೆ ಹೋಗುತ್ತೆ, ಟ್ಯಾಬ್ ಕೂಡ ಉಲ್ಟಾ ಓಡುತ್ತೆ. ಮಂಡಿ ಗುಮಾಸ್ತರು ಮೌಸ್ ಮುಟ್ಟೋದೇ ಅಪರೂಪ, ಟ್ಯಾಬು ಎಂಟರಿನಲ್ಲೇ ಕೆಲಸ. ಒಬ್ಬರು ಅಭ್ಯಾಸಬಲದಲ್ಲಿ ಟ್ಯಾಬ್ ಒತ್ತಿ ಎಂಟರ್ ಹೊಡೆದು ಪಟ್ಟಿಯನ್ನೇ ಅಳಿಸಿಬಿಟ್ಟರು. ಅವತ್ತಿನಿಂದ "ಅಳಿಸು" ಬಟನ್ ಎಡ ತುದಿಯ ಬೇರೆ ಕೋಶದಲ್ಲಿ ಒಂಟಿಯಾಗಿದೆ, ಟ್ಯಾಬ್‌ಸ್ಟಾಪ್ ಇಲ್ಲ, ಅಂದರೆ ಟ್ಯಾಬ್ ಒತ್ತಿದರೆ ಅಲ್ಲಿ ನಿಲ್ಲಲ್ಲ. ಕೆಂಪು ಬಣ್ಣವನ್ನೂ ಕೊಟ್ಟು ನೋಡಿದ್ದೆ. ಕೆಂಪು ಕಂಡ ಕೂಡಲೇ ಅದೇ ಮುಖ್ಯ ಅಂತ ಜನ ಅದನ್ನೇ ಒತ್ತಿದರು. ತೆಗೆದೆ.

ಬಟನ್‌ಗಳ ಸಮ ಅಗಲಕ್ಕೆ, ಉಳಿದ ಫಾರ್ಮ್‌ಗಳಿಗೆ ಮೂಲವಾದ ಬೇಸ್ ಫಾರ್ಮಿನಲ್ಲಿ ಇಪ್ಪತ್ತು ಸಾಲಿನ ಒಂದು ಫಂಕ್ಷನ್ ಇದೆ. ಎಲ್ಲ ಬಟನ್‌ಗಳ ಮಾತು ಅಳೆದು, ಉದ್ದನೆಯದರ ಅಳತೆಯನ್ನು ಎಲ್ಲದಕ್ಕೂ ಕೊಡುತ್ತೆ. ಅಷ್ಟು ಹೇಳಬಲ್ಲೆ. ಅಳೆಯೋದು ಯಾವಾಗ, ಅದಕ್ಕೆ ಎಷ್ಟು ಸೇರಿಸೋದು ಅನ್ನೋದರಲ್ಲೇ ಗುಟ್ಟಿರೋದು, ಅದನ್ನು ಬಿಟ್ಟುಕೊಡಲ್ಲ. ಹೊಟ್ಟೆಪಾಡು. ಪರದೆ ಮಿಣುಕೋ ಫ್ಲಿಕರ್‌ಗೆ ಮಾತ್ರ ಮದ್ದು ಹೇಳುತ್ತೇನೆ: ಟೇಬಲ್ ಪ್ಯಾನೆಲ್‌ನಿಂದ ನಿಮ್ಮದೇ ಕ್ಲಾಸ್ ಇಳಿಸಿ ಡಬಲ್‌ಬಫರ್ಡ್ (ಮರೆಯಲ್ಲಿ ಪೂರ್ತಿ ಬಿಡಿಸಿ ಒಮ್ಮೆಲೇ ತೋರಿಸೋದು) ಆನ್ ಮಾಡಿ. ಹೊರಗಿನಿಂದ ಅದು ಕೈಗೆ ಸಿಗಲ್ಲ.

ಈಗ ಇಪ್ಪತ್ತಮೂರೋ ಇಪ್ಪತ್ತನಾಲ್ಕೋ ಮಂಡಿಯಲ್ಲಿ ಇದೇ ಓಡುತ್ತಿದೆ. ಫಾರ್ಮ್ ತೆರೆಯೋಕೆ ಒಂದು ಸೆಕೆಂಡೂ ಬೇಡ. ಹೋದ ಸೀಜನ್ ಪೂರ್ತಿ ಬಟನ್ ವಿಚಾರಕ್ಕೆ ಒಂದೇ ಒಂದು ಫೋನ್ ಬಂತು, ಅದೂ ಕೀಬೋರ್ಡ್ ಕೆಟ್ಟಿದ್ದಕ್ಕೆ. ಬಿಟ್ಟುಹೋದ ಎರಡು ಮಂಡಿಯಲ್ಲಿ ಒಂದು ವಾಪಸ್ ಬಂತು. ಚಿಂತಾಮಣಿ ಗೆಳೆಯನೂ ಮೊನ್ನೆ ಟೀ ಕುಡಿಸಿ ಆ ಇಪ್ಪತ್ತು ಸಾಲು ಕೇಳಿದ. ಟೀ ಕುಡಿದು ಬಂದೆ.

ಒಂದು ಬಾಕಿ ಇದೆ. ಸಾಹುಕಾರರ ಮಗ ಹೊಸ ಲ್ಯಾಪ್‌ಟಾಪ್ ತಂದಿದ್ದಾನೆ, 150 ಪರ್ಸೆಂಟ್ ಸ್ಕೇಲಿಂಗ್. ಅದರಲ್ಲಿ ತಿಂಗಳ ರಿಪೋರ್ಟ್ ಫಾರ್ಮಿನ ತಾರೀಖಿನ ಡಬ್ಬ ಮಾತ್ರ ನಾಲ್ಕು ಪಿಕ್ಸೆಲ್ ಕೆಳಗಿದೆ. ಅವನಿಗೆ ಕಂಡಿಲ್ಲ. ನನಗೆ ಕಾಣುತ್ತೆ.