ಕುಕ್ಕರ್ ಚಿಹ್ನೆ, ಚರಂಡಿ ಲೆಕ್ಕ

ನಾನು ಟೈಲರ್. ಚಿಕ್ಕಮಗಳೂರಿನ ಒಂದು ಹಳೇ ಬಡಾವಣೆಯಲ್ಲಿ ಮನೆಯ ಮುಂದಿನ ರೂಮಿನಲ್ಲೇ ಬ್ಲೌಸ್ ಹೊಲಿಯುತ್ತೇನೆ. 2021ರ ಡಿಸೆಂಬರ್‌ನಲ್ಲಿ ನಗರಸಭೆ ಚುನಾವಣೆ ಬಂತಲ್ಲ, ಆಗ ನಮ್ಮ ವಾರ್ಡು ಮಹಿಳೆಯರಿಗೆ ಮೀಸಲಾಗಿತ್ತು. ಪಕ್ಷೇತರಳಾಗಿ ನಿಂತೆ. ಸೋತೆ, ಮೂರನೇ ಸ್ಥಾನ. ಗೆದ್ದವರ ಅನುಭವ ಎಲ್ಲರೂ ಕೇಳುತ್ತಾರೆ, ಸೋತವರದ್ದು ಒಂದಿರಲಿ ಅಂತ ಬರೆಯುತ್ತಿದ್ದೇನೆ.

ನಿಂತಿದ್ದಕ್ಕೆ ಕಾರಣ ಚರಂಡಿ. ಜೋರು ಮಳೆ ಬಂದರೆ ನಮ್ಮ ಬೀದಿಯ ನೀರು ನೇರ ನನ್ನ ಮೆಟ್ಟಿಲಿಗೆ ಬರುತ್ತಿತ್ತು. ಒಂದು ಸಲ ಮದುವೆ ಮನೆಯವರ ರೇಷ್ಮೆ ಬ್ಲೌಸ್ ನೆನೆದು ಬಣ್ಣ ಬಿಟ್ಟಿತು. ಬಟ್ಟೆ ದುಡ್ಡು ನಾನೇ ಕಟ್ಟಿಕೊಟ್ಟೆ. ಆವತ್ತು ರಾತ್ರಿ ನಮ್ಮನೆಯವರು ತಮಾಷೆಗೆ "ನೀನೇ ಮೆಂಬರ್ ಆಗ್ಬಿಡು" ಅಂದರು. ಪಾಪ, ನಾನು ಸೀರಿಯಸ್ಸಾಗಿ ತಗೊಳ್ತೀನಿ ಅಂತ ಅವರಿಗೆ ಗೊತ್ತಿರಲಿಲ್ಲ.

ನಾಮಪತ್ರಕ್ಕೂ ಮೊದಲು ಮಾಡಿದ್ದು ಅಳತೆ. ನನಗೆ ಗೊತ್ತಿರುವ ಕೆಲಸ ಅದೊಂದೇ ಅಲ್ವಾ. ನನ್ನ ಟೇಪು ಒಂದೂವರೆ ಮೀಟರ್, ಅದರಲ್ಲಿ ಬೀದಿ ಅಳೆಯೋಕಾಗಲ್ಲ. ಅದಕ್ಕೆ ತೆಂಗಿನ ನಾರಿನ ಹಗ್ಗಕ್ಕೆ ಮೀಟರಿಗೊಂದು ಗಂಟು ಹಾಕಿ, ಮೈದುನನ ಮಗನನ್ನು ಆ ತುದಿಗೆ ನಿಲ್ಲಿಸಿ, ವಾರ್ಡಿನ ಹದಿನೇಳು ಅಡ್ಡರಸ್ತೆಗಳನ್ನೂ ಅಳೆದೆ. ಎಲ್ಲಿ ಚರಂಡಿಗೆ ಚಪ್ಪಡಿ ಇಲ್ಲ, ಎಲ್ಲಿ ಲೈಟು ಕಂಬ ಇದ್ದೂ ಬಲ್ಬಿಲ್ಲ, ಯಾವ ಮನೆ ಮುಂದೆ ಪೈಪಿಗೆ ಅಗೆದ ಗುಂಡಿ ಹಾಗೇ ಬಾಯಿ ಬಿಟ್ಟುಕೊಂಡಿದೆ, ಎಲ್ಲಾ ಬ್ಲೌಸ್ ಅಳತೆ ಬರೆಯುವ ಪುಸ್ತಕದಲ್ಲೇ ಬರೆದೆ. ಒಂದು ಪುಟದಲ್ಲಿ ತೋಳು, ಎದೆ, ಉದ್ದ. ಪಕ್ಕದ ಪುಟದಲ್ಲಿ ಚರಂಡಿ 84 ಮೀಟರ್.

ಆಮೇಲೆ ಮೊದಲ ಕರಪತ್ರ ಬರೆದೆ. ಹನ್ನೆರಡು ಭರವಸೆ. ಪಾರ್ಕು, ಜಿಮ್ಮು, ವಾಚನಾಲಯ, ಹೆಣ್ಣುಮಕ್ಕಳಿಗೆ ಹೊಲಿಗೆ ತರಬೇತಿ. ನಮ್ಮ ಬೀದಿಯಲ್ಲಿ ಲೆಕ್ಕಪತ್ರದ ಕೆಲಸ ಮಾಡಿ ನಿವೃತ್ತರಾದ ಮೇಷ್ಟ್ರೊಬ್ಬರಿದ್ದಾರೆ (ಮೇಷ್ಟ್ರಲ್ಲ, ಎಲ್ಲರೂ ಹಾಗೆ ಕರೀತಾರೆ ಅಷ್ಟೇ). ಅವರು ಓದಿ, "ದುಡ್ಡು ಎಲ್ಲಿಂದ ತರ್ತೀಯಮ್ಮಾ?" ಅಂದರು. ನನ್ನ ಹತ್ತಿರ ಉತ್ತರ ಇರಲಿಲ್ಲ. ಮೂರು ಸಂಜೆ ಕೂತು ಬಜೆಟ್ ಓದೋದು ಹೇಳಿಕೊಟ್ಟರು.

ಇದನ್ನು ಸ್ವಲ್ಪ ಬಿಡಿಸಿ ಹೇಳ್ತೀನಿ, ಯಾಕೆಂದರೆ ನಿಲ್ಲುವವರಲ್ಲೂ ಜಾಸ್ತಿ ಜನಕ್ಕೆ ಗೊತ್ತಿರಲ್ಲ. ಶಾಸಕರಿಗೆ ವರ್ಷಕ್ಕೆ 2 ಕೋಟಿಯ ಕ್ಷೇತ್ರ ನಿಧಿ ಇದೆ. ನಗರಸಭೆ ಸದಸ್ಯರಿಗೆ ಅಂಥ ಸ್ವಂತ ನಿಧಿ ಇಲ್ಲ. ಇರೋದು ಒಂದೇ ಗಂಟು: ಮನೆ ಕಂದಾಯ, ನೀರಿನ ಬಿಲ್ಲು, ಮಳಿಗೆ ಬಾಡಿಗೆ, ಮೇಲಿಂದ ಬರುವ ಎಸ್‌ಎಫ್‌ಸಿ (ರಾಜ್ಯ ಹಣಕಾಸು ಆಯೋಗ) ಅನುದಾನ, ಆಗ ಕೇಂದ್ರದಿಂದ ಬರುತ್ತಿದ್ದ 15ನೇ ಹಣಕಾಸು ಆಯೋಗದ ಅನುದಾನ. ಈ 15ನೇ ಹಣಕಾಸಿನ ದುಡ್ಡಲ್ಲಿ ನಮ್ಮಂಥ ಊರಿಗೆ ನೂರು ರೂಪಾಯಿ ಬಂದರೆ ಅರವತ್ತು ಕುಡಿಯುವ ನೀರಿಗೆ, ಸ್ವಚ್ಛತೆಗೆ ಅಂತ ಕಟ್ಟಿಟ್ಟಿರುತ್ತಿದ್ದರು, ಬೇರೆಯದಕ್ಕೆ ಮುಟ್ಟೋ ಹಾಗಿರಲಿಲ್ಲ. ಇನ್ನು ಶೇ. 24.10 ಪರಿಶಿಷ್ಟ ಜಾತಿ, ಪಂಗಡದವರ ಕೆಲಸಗಳಿಗೆ ಅಂತ ಬೇರೆ ತೆಗೆದಿಡಬೇಕು. ಉಳಿದದ್ದಕ್ಕೆ 35 ವಾರ್ಡಿನವರೂ ಕೈ ಚಾಚಬೇಕು. ಹಾಗಾಗಿ ಸುಮ್ನೆ "ಪಾರ್ಕ್ ಮಾಡಿಸ್ತೀನಿ" ಅಂದರೆ ಅದು ಸುಳ್ಳೇ.

ಹನ್ನೆರಡರಲ್ಲಿ ಎಂಟು ಹೊಡೆದು ಹಾಕಿದೆ. ಉಳಿದ ನಾಲ್ಕಕ್ಕೆ ಯಾವ ಬೀದಿ, ಎಷ್ಟು ಮೀಟರ್, ಯಾವ ದುಡ್ಡಲ್ಲಿ ಕೇಳಬಹುದು ಅಂತ ಬರೆದೆ. ನಮ್ಮ ವಾರ್ಡಿನ ಕಾಲೋನಿಗೆ ಶೇ. 24.10ರಲ್ಲಿ ಚರಂಡಿ ಕೇಳಬಹುದು ಅನ್ನೋದು ಅಲ್ಲಿನವರಿಗೇ ಗೊತ್ತಿರಲಿಲ್ಲ. ಅಲ್ಲಿ ನನಗೆ ಒಳ್ಳೇ ಮತ ಬಿತ್ತು.

ಚಿಹ್ನೆಯದ್ದೊಂದು ಕಥೆ. ನಾನು ಕೇಳಿದ್ದು ಹೊಲಿಗೆ ಯಂತ್ರ. ಸಿಕ್ಕಿದ್ದು ಪ್ರೆಷರ್ ಕುಕ್ಕರ್. ನಮ್ಮ ಕಡೆ ಎಲೆಕ್ಷನ್‌ನಲ್ಲಿ ಕುಕ್ಕರ್ ಅಂದರೆ ಏನರ್ಥ ಅಂತ ನಿಮಗೆ ಹೇಳಬೇಕಾಗಿಲ್ಲ. ಪ್ರತಿ ಮನೆಯಲ್ಲೂ "ಪಟ ತೋರಿಸಿದ್ರೆ ಆಯ್ತಾ, ಕುಕ್ಕರ್ ಯಾವಾಗ ಕೊಡ್ತೀಯಕ್ಕಾ?" ಅಂತಲೇ ಮಾತು ಶುರು. ಮೊದಲೆರಡು ದಿನ ನಾಚಿಕೆ ಆಯಿತು. ಆಮೇಲೆ ಒಳ್ಳೇದೇ ಆಯಿತು ಅನಿಸಿತು, ನಕ್ಕವರು ಬಾಗಿಲು ಹಾಕಲ್ಲ.

ಡಿಸೆಂಬರ್ ಅಂದರೆ ಕಾಫಿ ಕೊಯ್ಲು. ಬೆಳಗ್ಗೆ ಏಳಕ್ಕೆಲ್ಲ ಪಿಕಪ್ಪುಗಳು ಬಂದು ಜನರನ್ನು ತುಂಬಿಕೊಂಡು ತೋಟಕ್ಕೆ ಹೋಗಿಬಿಡುತ್ತವೆ. ಹತ್ತು ಗಂಟೆಗೆ ಶಾಲು ಹೊದ್ದು ಪ್ರಚಾರಕ್ಕೆ ಹೋದರೆ ಮನೆಯಲ್ಲಿ ಸಿಗೋದು ಅಜ್ಜಿ, ಮಗು, ನಾಯಿ. ಎರಡು ದಿನ ಹಾಗೇ ಹಾಳಾಯಿತು. ಆಮೇಲೆ ಬೆಳಗ್ಗೆ ಆರೂವರೆಗೆ ಮಂಜಲ್ಲಿ ಪಿಕಪ್ ನಿಲ್ಲುವ ಜಾಗದಲ್ಲೇ ನಿಂತೆ. ಮತ್ತೆ ಸಂಜೆ ಆರರ ಮೇಲೆ ಮನೆ ಮನೆ.

"ನಿಮ್ಮ ಯಜಮಾನ್ರು ಎಲ್ಲಿ?" ಅಂತ ಕೇಳದ ಬೀದಿ ಇಲ್ಲ. ಅಂಗಡಿಯಲ್ಲಿ ಗುಂಡಿ ಹೊಲೀತಿದ್ದಾರೆ ಅನ್ನುತ್ತಿದ್ದೆ. ನಿಜಾನೇ.

ನನಗೆ ಏಟು ಬಿದ್ದಿದ್ದು ಕಂದಾಯದ ಮಾತಿಂದ. ಒಂದು ಜಗಲಿ ಮೇಲೆ ಹತ್ತು ಜನ ಕೂತಿದ್ದರು. ದುಡ್ಡು ಎಲ್ಲಿಂದ ಬರುತ್ತೆ ಅಂತ ವಿವರಿಸುತ್ತಾ, ಏಪ್ರಿಲ್‌ನಲ್ಲಿ ಕಟ್ಟಿದರೆ ಶೇ. 5 ರಿಯಾಯಿತಿ ಇದೆ, ಎಲ್ಲರೂ ಸರಿಯಾಗಿ ಕಟ್ಟಿದರೆ ಚರಂಡಿ ಕೇಳೋಕೆ ನಮಗೂ ಬಾಯಿರುತ್ತೆ ಅಂದೆ. ಮುಖಗಳು ಬಿಗಿದವು. "ಓಟು ಕೇಳೋಕೆ ಬಂದಿದ್ದೀಯೋ ಕಂದಾಯ ಕೇಳೋಕೋ?" ಅಂದರು ಒಬ್ಬ ಹಿರಿಯರು. ಮೇಷ್ಟ್ರು ಆಮೇಲೆ ಬೈದರು, ಅದನ್ನೆಲ್ಲ ಗೆದ್ದ ಮೇಲೆ ಹೇಳಬೇಕು ಅಂತ. ಇವತ್ತಿಗೂ ನನಗೆ ಅದು ಒಪ್ಪಿಗೆಯಿಲ್ಲ. ಗೆದ್ದ ಮೇಲೆ ಹೇಳಿದರೆ ಅದು ಮೋಸ ಅಲ್ವಾ?

ನಗರಸಭೆಗೆ ಖರ್ಚಿನ ಮಿತಿ 2 ಲಕ್ಷ ಇತ್ತು. ನನ್ನದು ಮೂವತ್ತೆಂಟು ಸಾವಿರ, ಚೀಟಿ ಎತ್ತಿದ ದುಡ್ಡು. ಕರಪತ್ರ, ಮೈಕಿನ ಆಟೋ, ಹುಡುಗರಿಗೆ ಟೀ ಬನ್ನು. ಒಂದೊಂದಕ್ಕೂ ರಸೀದಿ ಇಡಿ, ಲೆಕ್ಕ ಕೊಡಬೇಕು. ನಾನು ತಪ್ಪಿದ್ದು ಬೂತಿನಲ್ಲಿ. ಮತದಾರರ ಪಟ್ಟಿ ಹಿಡಿದು ಯಾರು ಬಂದರು, ಯಾರು ಬರಲಿಲ್ಲ ಅಂತ ಗುರುತು ಹಾಕಿ ಕರೆತರೋಕೆ ಪಕ್ಷದವರಿಗೆ ಜನ ಇದ್ದರು. 27ನೇ ತಾರೀಕು ಸೋಮವಾರ, ನನ್ನ ಜಗಲಿಯಲ್ಲಿ ತಲೆ ಆಡಿಸಿದ್ದ ಎಷ್ಟೋ ಜನ ತೋಟದಿಂದ ವಾಪಸ್ ಬರುವ ಹೊತ್ತಿಗೆ ಐದು ಗಂಟೆ ದಾಟಿತ್ತು. ತೋಟದ ಮೇಸ್ತ್ರಿಗಳನ್ನು ಹಿಂದಿನ ದಿನವೇ ಮಾತಾಡಿಸಿ, ಅವತ್ತು ಲೇಟಾಗಿ ಕರೆದುಕೊಂಡು ಹೋಗಿ ಅಂತ ಕೇಳಬೇಕಿತ್ತು. ಹೊಳೆಯಲಿಲ್ಲ.

30ಕ್ಕೆ ಫಲಿತಾಂಶ. ಎರಡು ದಿನ ಮಿಷನ್ ತುಳಿಯಲಿಲ್ಲ.

ಆಮೇಲೆ ಬಜೆಟ್ ಪೂರ್ವಭಾವಿ ಸಭೆಗೆ ಸಾರ್ವಜನಿಕರೂ ಹೋಗಬಹುದು ಅಂತ ಮೇಷ್ಟ್ರು ಹೇಳಿದರು. ಹೋದೆ. ಪುಸ್ತಕದಿಂದ ನಾಲ್ಕು ಪುಟ ಜೆರಾಕ್ಸ್ ಮಾಡಿಸಿ ಕೊಟ್ಟೆ, ಗೆದ್ದವರಿಗೂ ಒಂದು ಪ್ರತಿ ಕೊಟ್ಟೆ. ಅವರು ಈಗ ನನ್ನ ಹತ್ತಿರಾನೇ ಬ್ಲೌಸ್ ಹೊಲಿಸೋದು. ಎರಡು ವರ್ಷದ ಮೇಲೆ ನಮ್ಮ ಬೀದಿಗೆ ಚಪ್ಪಡಿ ಬಂತು. ಕೆಲಸ ಮುಗಿಯಿತು ಅಂತ ಗುತ್ತಿಗೆದಾರರ ಕಡೆಯವರು ಹೊರಟ ಸಂಜೆ ಹಗ್ಗ ತಗೊಂಡು ಹೋಗಿ ಅಳೆದೆ. 84 ಇರಬೇಕಿತ್ತು, 73 ಇತ್ತು. ತುದಿಮನೆ ಅಜ್ಜಿಯ ಮುಂದೆ ಚರಂಡಿ ಇನ್ನೂ ತೆರೆದೇ ಇದೆ. ಅರ್ಜಿ ಬರೆಸಿ ಅಜ್ಜಿಯ ಹೆಬ್ಬೆಟ್ಟು ಹಾಕಿಸಿದ್ದೇನೆ, ಸೋಮವಾರ ಕೊಡಬೇಕು.