ಊರಿನ ಮನೆಯಲ್ಲಿ ಆಫೀಸ್ ಲ್ಯಾಪ್‌ಟಾಪ್: ಮೊದಲು ದಾರಿ, ಆಮೇಲೆ ಪಾಸ್‌ವರ್ಡ್

ಕಂಪನಿಯ ಲ್ಯಾಪ್‌ಟಾಪ್ ಮಡಿಕೇರಿಯ ಮನೆಯಲ್ಲಿ ನೆಟ್ ಇಲ್ಲದಿದ್ದರೂ ತೆರೆಯುತ್ತದೆ. ಪಾಸ್‌ವರ್ಡ್ ಬದಲಾಯಿಸಿದ ಮಾರನೇ ದಿನ ನೆಟ್ ಚೆನ್ನಾಗಿದ್ದರೂ ತೆರೆಯುವುದಿಲ್ಲ. ಎರಡಕ್ಕೂ ಕಾರಣ ಒಂದೇ. ನಿಮ್ಮ ಪಾಸ್‌ವರ್ಡಿನ ಲೆಕ್ಕ ಎರಡು ಕಡೆ ಇದೆ: ಅಸಲು ಆಫೀಸಿನ ಡೊಮೇನ್ ಕಂಟ್ರೋಲರ್‌ನಲ್ಲಿ (ಕಂಪನಿಯ ಎಲ್ಲರ ಲಾಗಿನ್ ಪರಿಶೀಲಿಸುವ ಸರ್ವರ್), ನಕಲು ಲ್ಯಾಪ್‌ಟಾಪಿನಲ್ಲಿ. ಹೊರಗಿನಿಂದ ಕೆಲಸ ಮಾಡುವವರಿಗೆ ಬರುವ ಲಾಗಿನ್ ತೊಂದರೆಗಳಲ್ಲಿ ಹೆಚ್ಚಿನವು ಈ ಅಸಲು, ನಕಲು ಬೇರೆ ಬೇರೆಯಾದಾಗ ಹುಟ್ಟುವಂಥವು. ಅವೆರಡನ್ನೂ ಒಂದೇ ಆಗಿ ಇಟ್ಟುಕೊಳ್ಳಲು ನಾನು ಪಾಲಿಸುವ ಕ್ರಮ ಇದು. ಹೇಳಿರುವುದೆಲ್ಲ ವಿಂಡೋಸ್ 10 ಮತ್ತು 11ಕ್ಕೆ.

ನಕಲು ಅಂದರೆ ಪಾಸ್‌ವರ್ಡೇ ಅಲ್ಲ, ಅದರಿಂದ ಲೆಕ್ಕ ಹಾಕಿ ತೆಗೆದ ಹ್ಯಾಶ್. ಆಫೀಸ್ ನೆಟ್‌ವರ್ಕಿನಲ್ಲಿ ಒಮ್ಮೆ ಲಾಗಿನ್ ಆದರೆ ಅದು ಲ್ಯಾಪ್‌ಟಾಪಿನಲ್ಲಿ ಉಳಿಯುತ್ತದೆ. ಬದಲಾಯಿಸದೆ ಬಿಟ್ಟರೆ ವಿಂಡೋಸ್ ಕೊನೆಯ 10 ಬಳಕೆದಾರರ ನಕಲು ಇಟ್ಟುಕೊಳ್ಳುತ್ತದೆ. ಕಂಪನಿಯವರು ಇದನ್ನು 0ಯಿಂದ 50ರವರೆಗೆ ಎಷ್ಟಕ್ಕೆ ಬೇಕಾದರೂ ಇಡಬಹುದು. 0 ಇಟ್ಟಿದ್ದರೆ ಆಫೀಸಿಗೆ ದಾರಿ, ಅಂದರೆ ಆಫೀಸ್ ನೆಟ್‌ವರ್ಕಿನ ಸಂಪರ್ಕ, ಇಲ್ಲದೆ ಲಾಗಿನ್ ಆಗುವುದೇ ಇಲ್ಲ. ಈ ನಕಲಿಗೆ ಅವಧಿ ಮುಗಿಯುವುದು ಅಂತ ಇಲ್ಲ. ಕಾಫಿ ಕುಯ್ಲಿಗೆ ರಜೆ ಹಾಕಿ ಡಿಸೆಂಬರಿನಿಂದ ಫೆಬ್ರವರಿವರೆಗೆ ಮುಚ್ಚಿಟ್ಟ ಲ್ಯಾಪ್‌ಟಾಪ್ ಕೂಡ ಅದೇ ಹಳೆಯ ಪಾಸ್‌ವರ್ಡಿಗೆ ತೆರೆಯುತ್ತದೆ. ಅಷ್ಟರೊಳಗೆ ಆಫೀಸಿನಲ್ಲಿ ಆ ಪಾಸ್‌ವರ್ಡಿನ ಅವಧಿ ಮುಗಿದಿರಬಹುದು. ಆಗ ಲ್ಯಾಪ್‌ಟಾಪ್ ಒಳಗೆ ಬಿಡುತ್ತದೆ, ವಿಪಿಎನ್ (ಇಂಟರ್ನೆಟ್ ಮೂಲಕ ಆಫೀಸ್ ನೆಟ್‌ವರ್ಕಿಗೆ ಹೋಗುವ ಸುರಕ್ಷಿತ ದಾರಿ) ಬಿಡುವುದಿಲ್ಲ.

ಮೊದಲು ನಿಮ್ಮ ಲ್ಯಾಪ್‌ಟಾಪ್ ಯಾವ ಬಗೆಯದು ಅಂತ ನೋಡಿಕೊಳ್ಳಿ. ಸೆಟ್ಟಿಂಗ್ಸ್, ಅಕೌಂಟ್ಸ್, ಆಕ್ಸೆಸ್ ವರ್ಕ್ ಆರ್ ಸ್ಕೂಲ್ ತೆರೆದರೆ ಎಡಿ ಡೊಮೇನ್‌ಗೆ (ಆ್ಯಕ್ಟಿವ್ ಡೈರೆಕ್ಟರಿ, ಆಫೀಸಿನ ಸ್ವಂತ ಸರ್ವರಿನಲ್ಲಿರುವ ಲಾಗಿನ್ ವ್ಯವಸ್ಥೆ) ಸೇರಿದೆಯೋ ಎಂಟ್ರಾ ಐಡಿಗೆ ಸೇರಿದೆಯೋ ತಿಳಿಯುತ್ತದೆ (ಎಂಟ್ರಾ ಐಡಿ ಮೈಕ್ರೋಸಾಫ್ಟಿನ ಇಂಟರ್ನೆಟ್ ಲಾಗಿನ್ ವ್ಯವಸ್ಥೆ, 2023ರವರೆಗೆ ಇದನ್ನೇ ಅಜೂರ್ ಎಡಿ ಅನ್ನುತ್ತಿದ್ದರು). ಕಮಾಂಡ್ ಪ್ರಾಂಪ್ಟಿನಲ್ಲಿ ಡಿಎಸ್‌ರೆಗ್‌ಸಿಎಂಡಿ ಸ್ಲ್ಯಾಶ್ ಸ್ಟೇಟಸ್ ಕೊಟ್ಟರೆ ಇನ್ನೂ ಸ್ಪಷ್ಟ: ಅಜೂರ್‌ಎಡಿ ಜಾಯಿನ್ಡ್, ಡೊಮೇನ್ ಜಾಯಿನ್ಡ್ ಎಂಬ ಎರಡು ಸಾಲುಗಳ ಮುಂದೆ ಯೆಸ್ ಅಥವಾ ನೋ ಇರುತ್ತದೆ. ಮೊದಲನೆಯದಕ್ಕೆ ಮಾತ್ರ ಯೆಸ್ ಇದ್ದರೆ ನಿಮ್ಮ ಕೆಲಸ ಸುಲಭ. ಲಾಗಿನ್ ಪರದೆಯ ಬಲಗಡೆ ಕೆಳಮೂಲೆಯಲ್ಲಿ ವೈಫೈ ಜೋಡಿಸಿದರೆ ಹೊಸ ಪಾಸ್‌ವರ್ಡೂ ಸಾದಾ ಇಂಟರ್ನೆಟ್ಟಿನಿಂದಲೇ ಒಪ್ಪಿಗೆಯಾಗುತ್ತದೆ. ಡೊಮೇನ್ ಜಾಯಿನ್ಡ್ ಮುಂದೆ ಯೆಸ್ ಇದ್ದರೆ, ಎರಡರ ಮುಂದೆಯೂ ಯೆಸ್ ಇದ್ದರೂ ಸೇರಿ, ಡೊಮೇನ್ ಕಂಟ್ರೋಲರ್‌ಗೆ ದಾರಿ ಬೇಕೇ ಬೇಕು. ಮುಂದೆ ಹೇಳುವುದು ಹೆಚ್ಚಾಗಿ ಇಂಥ ಲ್ಯಾಪ್‌ಟಾಪುಗಳಿಗೆ.

ಊರಿಗೆ ಹೊರಡುವ ಮುಂಚೆ ಆಫೀಸಿನಲ್ಲೇ ಮಾಡಬೇಕಾದ್ದನ್ನು ನಾನು ಯಾವತ್ತೂ ಬಿಡುವುದಿಲ್ಲ. ಕೊಡಗಿನಲ್ಲಿ ರೈಲಿಲ್ಲ. ಮಡಿಕೇರಿಯಿಂದ ಬೆಂಗಳೂರಿಗೆ ರಸ್ತೆಯಲ್ಲಿ 250 ಕಿಲೋಮೀಟರಿಗೂ ಹೆಚ್ಚು. ಒಂದು ಲಾಗಿನ್ನಿಗೋಸ್ಕರ ಹೋಗಿ ಬರುವುದೆಂದರೆ ಎರಡು ದಿನ ಹೋಯಿತು. ಕಮಾಂಡ್ ಪ್ರಾಂಪ್ಟಿನಲ್ಲಿ ನೆಟ್ ಯೂಸರ್, ನಿಮ್ಮ ಯೂಸರ್‌ನೇಮ್, ಸ್ಲ್ಯಾಶ್ ಡೊಮೇನ್ ಅಂತ ಕೊಡಿ. ಪಾಸ್‌ವರ್ಡ್ ಎಕ್ಸ್‌ಪೈರ್ಸ್ ಎಂಬ ಸಾಲಿನಲ್ಲಿ ತಾರೀಕು ಸಿಗುತ್ತದೆ. ಆ ತಾರೀಕು ನೀವು ಊರಿನಲ್ಲಿರುವ ದಿನಗಳ ಒಳಗೆ ಬರುವಂತಿದ್ದರೆ ಅಲ್ಲೇ ಬದಲಾಯಿಸಿ. ಬಳಿಕ ಸೈನ್ ಔಟ್ ಆಗಿ ಪಿನ್ ಬಿಟ್ಟು ಪಾಸ್‌ವರ್ಡ್ ಟೈಪ್ ಮಾಡಿಯೇ ಮತ್ತೆ ಒಳಗೆ ಬನ್ನಿ. ಆಮೇಲೆ ಕೇಬಲ್ ಕಿತ್ತು, ವೈಫೈ ಆರಿಸಿ, ರೀಸ್ಟಾರ್ಟ್ ಮಾಡಿ ಲಾಗಿನ್ ಆಗಿ. ಆಯಿತಾದರೆ ನಕಲು ಸರಿಯಾಗಿ ಕೂತಿದೆ. ಕೊನೆಗೆ ಮೊಬೈಲ್ ಹಾಟ್‌ಸ್ಪಾಟ್ ಹಾಕಿ ವಿಪಿಎನ್ ಏರಿಸಿ ನೋಡಿ. ಆಫೀಸ್ ವೈಫೈಯಲ್ಲಿ ಕೂತು ವಿಪಿಎನ್ ಪರೀಕ್ಷೆ ಮಾಡಿದರೆ ಏನೂ ಗೊತ್ತಾಗುವುದಿಲ್ಲ.

ಎರಡನೇ ಹಂತದ ಒಪ್ಪಿಗೆಗೆ ಮೊಬೈಲಿಗೆ ಬರುವ ನೋಟಿಫಿಕೇಶನ್ ಒಂದನ್ನೇ ನೆಚ್ಚಿಕೊಳ್ಳಬೇಡಿ. ಅದಕ್ಕೆ ಫೋನಿಗೆ ನೆಟ್ ಬೇಕು. ಅದೇ ಆಪ್‌ನಲ್ಲಿ 30 ಸೆಕೆಂಡಿಗೊಮ್ಮೆ ಬದಲಾಗುವ ಆರಂಕಿಯ ಕೋಡ್ ಇರುತ್ತದಲ್ಲ, ಅದಕ್ಕೆ ಸಿಗ್ನಲ್ಲೇ ಬೇಡ, ಫೋನಿನ ಗಡಿಯಾರ ಸರಿ ಇದ್ದರೆ ಸಾಕು. ತೋಟದ ಮನೆಗಳಲ್ಲಿ ಎಷ್ಟೋ ಕಡೆ ಫೋನಿಗೆ ಒಂದು ಕಡ್ಡಿ ಸಿಗ್ನಲ್ ಇದ್ದರೆ ಹೆಚ್ಚು. ಅಲ್ಲಿ ಈ ಕೋಡೇ ಕೈ ಹಿಡಿಯುವುದು. ಹೊರಡುವ ಮೊದಲೇ ಅದನ್ನು ಸೇರಿಸಿಕೊಳ್ಳಿ.

ಈಗ ಮುಖ್ಯ ವಿಷಯ, ಊರಿನಲ್ಲಿದ್ದಾಗ ಪಾಸ್‌ವರ್ಡ್ ಬದಲಾಯಿಸುವುದು. ಅವಧಿ ಮುಗಿಯಲು 5 ದಿನ ಇರುವಾಗ ವಿಂಡೋಸ್ ಎಚ್ಚರಿಸುತ್ತದೆ ಅನ್ನುತ್ತಾರೆ. ಅದು ನಿಜ, ಆದರೆ ಆಫೀಸಿಗೆ ದಾರಿ ಇಲ್ಲದೆ ಲಾಗಿನ್ ಆಗುವವರು ಆ ಎಚ್ಚರಿಕೆಯನ್ನು ನಂಬಿ ಕೂರುವಂತಿಲ್ಲ. ನಾನು ಕ್ಯಾಲೆಂಡರಿನಲ್ಲಿ 10 ದಿನ ಮುಂಚೆ ಗುರುತು ಹಾಕಿಕೊಳ್ಳುತ್ತೇನೆ. ಮಳೆಗಾಲವಾದರೆ ಅದರಲ್ಲಿ ಮೂರು ದಿನ ಕರೆಂಟಿಗೇ ಹೋಗಬಹುದು.

ಸರಿಯಾದ ರೀತಿ ಹೀಗೆ. ವಿಪಿಎನ್ ಏರಿಸಿ. ಆಫೀಸಿನ ಒಂದು ಶೇರ್ಡ್ ಡ್ರೈವ್ ತೆರೆದು, ದಾರಿ ನಿಜವಾಗಿ ಇದೆ ಅಂತ ಖಚಿತ ಮಾಡಿಕೊಳ್ಳಿ. ಕಂಟ್ರೋಲ್, ಆಲ್ಟ್, ಡಿಲೀಟ್ ಒಟ್ಟಿಗೆ ಒತ್ತಿ, ಚೇಂಜ್ ಎ ಪಾಸ್‌ವರ್ಡ್ ಆರಿಸಿ ಬದಲಾಯಿಸಿ. ಹೀಗೆ ಮಾಡಿದರೆ ಅಸಲು, ನಕಲು ಎರಡೂ ಒಂದೇ ಏಟಿಗೆ ಹೊಸದಾಗುತ್ತವೆ.

ಬಹಳ ಜನ ಮಾಡುವುದು ಬೇರೆ. ಫೋನಿನಲ್ಲಿ ಕಂಪನಿಯ ಪೋರ್ಟಲ್ ತೆರೆದು ಬದಲಾಯಿಸುತ್ತಾರೆ, ಇಲ್ಲವೇ ಹೆಲ್ಪ್‌ಡೆಸ್ಕಿಗೆ ಫೋನ್ ಮಾಡಿ ರೀಸೆಟ್ ಮಾಡಿಸುತ್ತಾರೆ. ಆಗ ಅಸಲು ಮಾತ್ರ ಬದಲಾಯಿತು, ನಕಲು ಹಳೆಯದೇ. ಲ್ಯಾಪ್‌ಟಾಪಿಗೆ ಹೊಸ ಪಾಸ್‌ವರ್ಡ್ ಕೊಟ್ಟರೆ ತಪ್ಪು ಅನ್ನುತ್ತದೆ, ಇಲ್ಲವೇ ಡೊಮೇನ್ ಸಿಗುತ್ತಿಲ್ಲ, ಸಂಸ್ಥೆಯ ನೆಟ್‌ವರ್ಕಿಗೆ ಜೋಡಿಸಿ ಎಂಬರ್ಥದ ಸಂದೇಶ ತೋರಿಸುತ್ತದೆ. ಗಾಬರಿ ಬೇಡ. ಲ್ಯಾಪ್‌ಟಾಪಿಗೆ ಹಳೆಯ ಪಾಸ್‌ವರ್ಡ್ ಕೊಟ್ಟು ಒಳಗೆ ಹೋಗಿ. ವಿಪಿಎನ್‌ಗೆ ಹೊಸ ಪಾಸ್‌ವರ್ಡ್ ಕೊಡಿ. ವಿಪಿಎನ್ ಪೂರ್ತಿ ಏರಿದ ಮೇಲೆ ವಿಂಡೋಸ್ ಕೀ ಜೊತೆ ಎಲ್ ಒತ್ತಿ ಪರದೆ ಲಾಕ್ ಮಾಡಿ. ಅಲ್ಲಿ ಪಿನ್ ಕೇಳಿದರೆ ಕೊಡಬೇಡಿ. ಸೈನ್-ಇನ್ ಆಪ್ಷನ್ಸ್ ಒತ್ತಿ, ಕೀಲಿಕೈ ಚಿತ್ರ ಆರಿಸಿ, ಹೊಸ ಪಾಸ್‌ವರ್ಡ್ ಟೈಪ್ ಮಾಡಿ. ನಕಲಿಗೆ ಅದು ಹೊಂದುವುದಿಲ್ಲವಾದ್ದರಿಂದ ಲ್ಯಾಪ್‌ಟಾಪ್ ವಿಪಿಎನ್ ದಾರಿಯಲ್ಲಿ ಹೋಗಿ ಡೊಮೇನ್ ಕಂಟ್ರೋಲರನ್ನು ಕೇಳುತ್ತದೆ. ನಿಧಾನದ ಲೈನಿನಲ್ಲಿ ಆ ಚಕ್ರ ಒಂದಷ್ಟು ಹೊತ್ತು ಸುತ್ತುತ್ತದೆ, ಸುಮ್ಮನೆ ಕಾಯಿರಿ. ಪರದೆ ತೆರೆಯಿತೆಂದರೆ ನಕಲೂ ಹೊಸದಾಯಿತು. ನಾನು ಅಷ್ಟಕ್ಕೇ ಬಿಡುವುದಿಲ್ಲ. ವಿಪಿಎನ್ ಇಳಿಸಿ, ಮತ್ತೆ ಲಾಕ್ ಮಾಡಿ, ಹೊಸ ಪಾಸ್‌ವರ್ಡಿನಿಂದ ಇನ್ನೊಮ್ಮೆ ತೆರೆದು ನೋಡುತ್ತೇನೆ. ಪಿನ್‌ನಿಂದಲೇ ದಿನವೂ ತೆರೆಯುವವರಿಗೆ ನಕಲು ಹಳೆಯದಾಗಿರುವುದು ತಿಂಗಳುಗಟ್ಟಲೆ ಗೊತ್ತೇ ಆಗುವುದಿಲ್ಲ. ಪಿನ್ ಆ ಲ್ಯಾಪ್‌ಟಾಪಿನ ಟಿಪಿಎಂ ಎಂಬ ಭದ್ರತಾ ಚಿಪ್ಪಿಗೆ ಕಟ್ಟಿದ್ದು, ಪಾಸ್‌ವರ್ಡ್ ಬದಲಾದದ್ದು ಅದಕ್ಕೆ ಲೆಕ್ಕಕ್ಕಿಲ್ಲ.

ಬದಲಾಯಿಸುವ ಹೊತ್ತಿಗೇ ಲೈನ್ ಕಡಿದು ಹೋದರೆ ಅಸಲು ಬದಲಾಗಿ ನಕಲು ಹಳೆಯದೇ ಉಳಿದಿರಬಹುದು. ಆಗಲೂ ಇದೇ ಮದ್ದು: ಲ್ಯಾಪ್‌ಟಾಪಿಗೆ ಹಳೆಯದು, ವಿಪಿಎನ್‌ಗೆ ಹೊಸದು, ಆಮೇಲೆ ಲಾಕ್.

ಪಾಸ್‌ವರ್ಡ್ ಬದಲಾದ ಅರ್ಧ ಗಂಟೆಯೊಳಗೆ ಅಕೌಂಟ್ ಲಾಕ್ ಆದರೆ ತಪ್ಪು ನಿಮ್ಮ ಬೆರಳಿನದಲ್ಲ, ಫೋನಿನದು ಇರಬಹುದು. ಮೇಲ್ ಆಪ್ ಹಳೆಯ ಪಾಸ್‌ವರ್ಡನ್ನೇ ಮತ್ತೆ ಮತ್ತೆ ಕಳಿಸುತ್ತಿರುತ್ತದೆ. ಎಷ್ಟು ತಪ್ಪಿಗೆ ಲಾಕ್ ಎಂಬುದು ಕಂಪನಿಯ ನಿಯಮ. ಬದಲಾಯಿಸುವ ಮುಂಚೆ ಫೋನನ್ನು ಏರೋಪ್ಲೇನ್ ಮೋಡಿಗೆ ಹಾಕಿ, ಎಲ್ಲ ಮುಗಿದ ಮೇಲೆ ಮೇಲ್ ಆಪ್‌ಗೆ ಹೊಸದನ್ನು ಕೊಡಿ. ಹಾಟ್‌ಸ್ಪಾಟಿಗೂ ಅದೇ ಫೋನ್ ಬೇಕಿದ್ದರೆ ಮೇಲ್ ಅಕೌಂಟಿನ ಸಿಂಕ್ ಒಂದನ್ನೇ ಆರಿಸಿದರೂ ನಡೆಯುತ್ತದೆ. ಲ್ಯಾಪ್‌ಟಾಪಿನಲ್ಲಿ ಕಂಟ್ರೋಲ್ ಪ್ಯಾನೆಲ್, ಕ್ರೆಡೆನ್ಶಿಯಲ್ ಮ್ಯಾನೇಜರ್, ವಿಂಡೋಸ್ ಕ್ರೆಡೆನ್ಶಿಯಲ್ಸ್ ತೆರೆದು ಆಫೀಸ್ ಸರ್ವರುಗಳ ಹೆಸರಿನಲ್ಲಿ ಉಳಿದ ಹಳೆಯ ನಮೂದುಗಳನ್ನು ತೆಗೆದುಹಾಕಿ.

ಹೊಸ ಲ್ಯಾಪ್‌ಟಾಪ್ ಕೊರಿಯರ್‌ನಲ್ಲಿ ಗೋಣಿಕೊಪ್ಪಕ್ಕೋ ಸೋಮವಾರಪೇಟೆಗೋ ಬಂದಿದೆ ಅಂತಿಟ್ಟುಕೊಳ್ಳಿ. ಅದರಲ್ಲಿ ನಿಮ್ಮ ನಕಲೇ ಇಲ್ಲ. ಲಾಗಿನ್ ಪರದೆಯ ಕೆಳಮೂಲೆಯಲ್ಲಿ ನೆಟ್‌ವರ್ಕ್ ಸೈನ್-ಇನ್ ಚಿತ್ರ ಇದ್ದರೆ ಲಾಗಿನ್‌ಗೂ ಮೊದಲೇ ವಿಪಿಎನ್ ಏರಿಸಬಹುದು, ಅಲ್ಲಿಗೆ ಮುಗಿಯಿತು. ಇಲ್ಲದಿದ್ದರೆ ಹೆಲ್ಪ್‌ಡೆಸ್ಕಿನವರು ತಾತ್ಕಾಲಿಕ ಲೋಕಲ್ ಅಕೌಂಟ್ ಕೊಡಬೇಕು. ಅದರಲ್ಲಿ ಒಳಗೆ ಹೋಗಿ, ವಿಪಿಎನ್ ಏರಿಸಿ, ಕಮಾಂಡ್ ಪ್ರಾಂಪ್ಟಿನಲ್ಲಿ ರನ್‌ಆಸ್, ಸ್ಲ್ಯಾಶ್ ಯೂಸರ್, ಕೋಲನ್, ಡೊಮೇನ್ ಹೆಸರು, ಬ್ಯಾಕ್‌ಸ್ಲ್ಯಾಶ್, ನಿಮ್ಮ ಯೂಸರ್‌ನೇಮ್, ಒಂದು ಜಾಗ ಬಿಟ್ಟು ಸಿಎಂಡಿ ಅಂತ ಕೊಡಿ. ಪಾಸ್‌ವರ್ಡ್ ಕೇಳುತ್ತದೆ. ಟೈಪ್ ಮಾಡುವಾಗ ಪರದೆಯಲ್ಲಿ ಚುಕ್ಕಿಯೂ ಮೂಡುವುದಿಲ್ಲ, ಅದು ಹಾಗೆಯೇ. ನಿಮ್ಮ ಹೆಸರಿನಲ್ಲಿ ಇನ್ನೊಂದು ಕಪ್ಪು ಕಿಟಕಿ ತೆರೆಯಿತೆಂದರೆ ನಕಲು ಕೂತಿತು. ಇನ್ನು ಸೈನ್ ಔಟ್ ಆಗಿ, ವಿಪಿಎನ್ ಬಿದ್ದರೂ ನಿಮ್ಮ ಅಕೌಂಟಿನಿಂದ ಲಾಗಿನ್ ಆಗುತ್ತದೆ.

ಇಷ್ಟೆಲ್ಲ ಮಾಡಲು ಲೈನ್ ಬೇಕಲ್ಲ. ಜೂನಿನಿಂದ ಸೆಪ್ಟೆಂಬರ್‌ವರೆಗೆ ಸಿಲ್ವರ್ ಓಕ್ ಕೊಂಬೆ ಬಿದ್ದರೆ ಕರೆಂಟ್ ತಂತಿಯೂ ಫೈಬರೂ ಒಟ್ಟಿಗೇ ಹೋಗಬಹುದು. ಫೈಬರ್ ಪೆಟ್ಟಿಗೆ ಮತ್ತು ರೌಟರ್ ಸಾಮಾನ್ಯವಾಗಿ 12 ವೋಲ್ಟಿನವು. ಅಡಾಪ್ಟರಿನ ಮೇಲೆ ಬರೆದ ವೋಲ್ಟ್, ಆಂಪಿಯರ್ ನೋಡಿ ಅದಕ್ಕೆ ಹೊಂದುವ ಪುಟ್ಟ ಯುಪಿಎಸ್ ಹಾಕಿದರೆ ಕರೆಂಟ್ ಹೋಗಿ ಇನ್ವರ್ಟರ್‌ಗೆ ಬದಲಾಗುವ ಕ್ಷಣದಲ್ಲಿ ವಿಪಿಎನ್ ಬೀಳುವುದಿಲ್ಲ. ಎರಡನೇ ಲೈನಾಗಿ ಮೊಬೈಲ್ ಇಡುವವರು ಫೈಬರ್ ಕೊಟ್ಟ ಕಂಪನಿಯದ್ದನ್ನು ಬಿಟ್ಟು ಬೇರೆ ಕಂಪನಿಯ ಸಿಮ್ ಇಡಿ. ಫೋನನ್ನು ಯುಎಸ್‌ಬಿ ಕೇಬಲ್‌ನಲ್ಲಿ ಜೋಡಿಸಿ ಟೆದರಿಂಗ್ ಹಾಕುವುದು ನನಗೆ ಹಾಟ್‌ಸ್ಪಾಟಿಗಿಂತ ಹೆಚ್ಚು ಇಷ್ಟ, ಫೋನ್ ಚಾರ್ಜೂ ಆಗುತ್ತದೆ. ಹಾಟ್‌ಸ್ಪಾಟೇ ಬಳಸುವುದಾದರೆ ಸೆಟ್ಟಿಂಗ್ಸ್‌ನಲ್ಲಿ ಆ ವೈಫೈಯನ್ನು ಮೀಟರ್ಡ್ (ಡೇಟಾ ಮಿತವಾಗಿ ಬಳಸಬೇಕಾದದ್ದು) ಅಂತ ಗುರುತಿಸಿ. ಇಲ್ಲದಿದ್ದರೆ ಇರುವ ಅಲ್ಪ ಸಿಗ್ನಲ್ಲನ್ನು ವಿಂಡೋಸ್ ಅಪ್‌ಡೇಟ್ ನುಂಗುತ್ತದೆ.

ವಿಪಿಎನ್ ಏರಿದೆ, ಹಸಿರು ಗುರುತು ಇದೆ, ಆದರೆ ಶೇರ್ಡ್ ಡ್ರೈವ್ ತೆರೆಯುವುದಿಲ್ಲ, ಲಾಕ್ ಪರದೆ ಸುತ್ತುತ್ತಲೇ ಇದೆ. ಇದಕ್ಕೆ ನಾನು ನೋಡುವ ಮೊದಲ ಕಾರಣ ಎಂಟಿಯು, ಅಂದರೆ ಒಂದು ಪ್ಯಾಕೆಟ್ ಎಷ್ಟು ದೊಡ್ಡದಿರಬಹುದು ಎಂಬ ಮಿತಿ. ಸಣ್ಣ ಪ್ಯಾಕೆಟ್ ದಾಟುತ್ತದೆ, ದೊಡ್ಡದು ದಾರಿಯಲ್ಲೇ ಕಳೆದುಹೋಗುತ್ತದೆ. ವಿಪಿಎನ್ ಇಳಿಸಿ, ಪಿಂಗ್, ಹೈಫನ್ ಎಫ್, ಹೈಫನ್ ಎಲ್, 1472, ಬಳಿಕ ಹೊರಗಿನ ಯಾವುದಾದರೂ ವಿಳಾಸ ಕೊಟ್ಟು ನೋಡಿ. ಪ್ಯಾಕೆಟ್ ಒಡೆಯಬೇಕಾಗಿದೆ ಎಂಬ ಉತ್ತರ ಬಂದರೆ 1464 ಕೊಡಿ. ಪಿಪಿಪಿಓಇ (ಯೂಸರ್‌ನೇಮ್, ಪಾಸ್‌ವರ್ಡ್ ಕೊಟ್ಟು ರೌಟರ್ ಜೋಡಿಸುವ ವಿಧಾನ) ಬಳಸುವ ಫೈಬರ್ ಲೈನಿನ ಮಿತಿ 1492. ಅದರಲ್ಲಿ ಹೆಡರಿನ 28 ಬೈಟ್ ಕಳೆದರೆ 1464. ಅದೂ ದಾಟದಿದ್ದರೆ ಹತ್ತು ಹತ್ತಾಗಿ ಇಳಿಸುತ್ತಾ ಹೋಗಿ. ದಾಟಿದ ಸಂಖ್ಯೆಗೆ 28 ಸೇರಿಸಿ ಐಟಿಯವರಿಗೆ ಹೇಳಿ, ವಿಪಿಎನ್‌ನ ಎಂಟಿಯು ಅದಕ್ಕೂ ಕೆಳಗೆ ಇಡಬೇಕು. ಎರಡನೇ ಕಾರಣ ವಿಳಾಸದ ಘರ್ಷಣೆ. ಮನೆಯ ರೌಟರೂ ಆಫೀಸೂ 192.168.1 ಸಾಲಿನಲ್ಲೇ ಇದ್ದರೆ ಲ್ಯಾಪ್‌ಟಾಪ್ ಆಫೀಸ್ ಸರ್ವರನ್ನು ಮನೆಯಲ್ಲೇ ಹುಡುಕುತ್ತದೆ. ರೌಟರಿನಲ್ಲಿ ಅದನ್ನು 192.168.37 ಥರದ ಬೇರೆ ಸಾಲಿಗೆ ಬದಲಾಯಿಸಿದರೆ ಮುಗಿಯಿತು.

ಹೋಮ್‌ಸ್ಟೇ ವೈಫೈಯಲ್ಲಿ ಮೊದಲು ಬ್ರೌಸರಿನಲ್ಲಿ ಒಪ್ಪಿಗೆಯ ಪುಟ ಬರುವಂತಿದ್ದರೆ ಲಾಗಿನ್‌ಗೂ ಮುಂಚಿನ ವಿಪಿಎನ್ ಅಲ್ಲಿ ಕೆಲಸ ಮಾಡುವುದಿಲ್ಲ. ನಕಲಿನಿಂದ ಒಳಗೆ ಹೋಗಿ, ಪುಟ ಒಪ್ಪಿ, ಆಮೇಲೆ ವಿಪಿಎನ್ ಏರಿಸಿ.

ಬ್ಯಾಟರಿ ಪೂರ್ತಿ ಇಳಿದು ವಾರಗಟ್ಟಲೆ ಬಿದ್ದಿದ್ದ ಲ್ಯಾಪ್‌ಟಾಪಿನಲ್ಲಿ ಮೊದಲು ಗಡಿಯಾರ ನೋಡಿ. ಡೊಮೇನ್ ಕಂಟ್ರೋಲರ್‌ಗೂ ಲ್ಯಾಪ್‌ಟಾಪಿಗೂ 5 ನಿಮಿಷಕ್ಕಿಂತ ಹೆಚ್ಚು ವ್ಯತ್ಯಾಸವಿದ್ದರೆ ಡೊಮೇನಿನ ಲಾಗಿನ್ ಪರಿಶೀಲಿಸುವ ಕರ್ಬರೋಸ್ ವ್ಯವಸ್ಥೆ ಒಪ್ಪುವುದಿಲ್ಲ. ವರ್ಷವೇ ತಪ್ಪಿದ್ದರೆ ವಿಪಿಎನ್ ಸರ್ಟಿಫಿಕೇಟೂ ನಿಲ್ಲುವುದಿಲ್ಲ.

ಇನ್ನು ಟ್ರಸ್ಟ್ ರಿಲೇಶನ್‌ಶಿಪ್ ಫೇಲ್ಡ್, ಅಂದರೆ ಲ್ಯಾಪ್‌ಟಾಪಿಗೂ ಡೊಮೇನಿಗೂ ನಡುವಿನ ನಂಬಿಕೆ ಮುರಿದಿದೆ ಎಂಬ ಸಂದೇಶ. ಲ್ಯಾಪ್‌ಟಾಪಿಗೂ ಡೊಮೇನಿನಲ್ಲಿ ತನ್ನದೇ ಪಾಸ್‌ವರ್ಡ್ ಇದೆ, 30 ದಿನಕ್ಕೊಮ್ಮೆ ಬದಲಾಗುವಂಥದ್ದು. ತುಂಬಾ ದಿನ ಊರಿನಲ್ಲಿದ್ದುದರಿಂದ ಅದು ಕೆಟ್ಟಿತು ಎಂದು ಹೇಳುವುದುಂಟು, ಅದು ಸರಿಯಲ್ಲ. ಬದಲಾಯಿಸುವ ಕೆಲಸ ಶುರುಮಾಡುವುದು ಲ್ಯಾಪ್‌ಟಾಪೇ. ದಾರಿ ಇಲ್ಲದಿದ್ದರೆ ಹಳೆಯದನ್ನೇ ಇಟ್ಟುಕೊಂಡು, ದಾರಿ ಸಿಕ್ಕಾಗ ಬದಲಾಯಿಸುತ್ತದೆ. ನಿಜವಾಗಿ ಕೆಡಿಸುವುದು ಹಳೆಯ ಸಿಸ್ಟಮ್ ಇಮೇಜಿಗೆ ಹಿಂದಿರುಗಿಸುವುದು, ಇಲ್ಲವೇ ಬಹಳ ದಿನ ಕಾಣದ ಲ್ಯಾಪ್‌ಟಾಪ್ ಎಂದು ಐಟಿಯವರು ಅದರ ಅಕೌಂಟನ್ನೇ ಅಳಿಸಿರುವುದು. ವೈಫೈ ಆರಿಸಿದರೆ ನಕಲಿನಿಂದ ಒಳಗೆ ಹೋಗಬಹುದು. ಆಮೇಲೆ ನೆಟ್ ಹಾಕಿ, ವಿಪಿಎನ್ ಏರಿಸಿ, ಐಟಿಯವರಿಂದ ಸರಿಪಡಿಸಿಕೊಳ್ಳಿ. ಡೊಮೇನಿನಿಂದ ತೆಗೆದು ಮತ್ತೆ ಸೇರಿಸಿದರೆ ಸರಿಹೋಗುತ್ತದೆ ಎಂಬ ಸಲಹೆಯನ್ನು ಮನೆಯಲ್ಲಿ ಕೂತು ದಯವಿಟ್ಟು ಪಾಲಿಸಬೇಡಿ. ತೆಗೆದು ರೀಸ್ಟಾರ್ಟ್ ಮಾಡಿದ ಮೇಲೆ ನಿಮ್ಮ ಡೊಮೇನ್ ಅಕೌಂಟಿಗೆ ಅಲ್ಲಿ ಜಾಗವಿಲ್ಲ. ಲೋಕಲ್ ಅಕೌಂಟಿನ ಪಾಸ್‌ವರ್ಡ್ ಗೊತ್ತಿಲ್ಲದಿದ್ದರೆ ಬಾಗಿಲು ಪೂರ್ತಿ ಮುಚ್ಚಿತು.

ಪಾಸ್‌ವರ್ಡ್ ಮರೆತ ಲ್ಯಾಪ್‌ಟಾಪನ್ನು ಪೇಟೆಯ ಅಂಗಡಿಗೆ ಕೊಟ್ಟು ಪೆನ್‌ಡ್ರೈವ್ ಹಾಕಿಸುವುದೂ ಬೇಡ. ಆ ಉಪಾಯ ಲೋಕಲ್ ಅಕೌಂಟಿಗೆ ಮಾತ್ರ, ಡೊಮೇನಿನ ಅಸಲನ್ನು ಅದು ಮುಟ್ಟುವುದೇ ಇಲ್ಲ. ಬೂಟ್ ಕ್ರಮ ಬದಲಾಯಿಸಿದರೆ ಬಿಟ್‌ಲಾಕರ್ (ಡಿಸ್ಕಿಗೆ ಬೀಗ ಹಾಕುವ ವಿಂಡೋಸ್ ವ್ಯವಸ್ಥೆ) ಎಚ್ಚೆತ್ತು 48 ಅಂಕಿಗಳ ರಿಕವರಿ ಕೀ ಕೇಳಬಹುದು. ಆ ಕೀ ಕಂಪನಿಯ ಬಳಿ ಇರುತ್ತದೆ. ಪರದೆಯಲ್ಲಿ ಕಾಣುವ ಕೀ ಐಡಿಯ ಮೊದಲ 8 ಅಕ್ಷರ ಓದಿ ಹೇಳಿದರೆ ಅವರು ಹುಡುಕಿ ಕೊಡುತ್ತಾರೆ.

ಹೆಲ್ಪ್‌ಡೆಸ್ಕಿಗೆ ಫೋನ್ ಮಾಡುವ ಮುಂಚೆ ಒಂದು ಚೀಟಿಯಲ್ಲಿ ಬರೆದಿಟ್ಟುಕೊಳ್ಳಿ: ಪರದೆಯ ಸಂದೇಶ ಅಕ್ಷರಕ್ಕೆ ಅಕ್ಷರ, ಲ್ಯಾಪ್‌ಟಾಪಿನ ಹೆಸರು, ಕೊನೆಗೆ ಆಫೀಸಿನಲ್ಲಿ ಅಥವಾ ವಿಪಿಎನ್‌ನಲ್ಲಿ ಇದ್ದ ತಾರೀಕು, ಪಾಸ್‌ವರ್ಡ್ ಎಲ್ಲಿಂದ ಬದಲಾಯಿಸಿದಿರಿ, ಈಗ ಫೈಬರೋ ಮೊಬೈಲೋ. ಸಿಗ್ನಲ್ ಹೋಗುವ ಮುಂಚೆ ಎರಡೇ ನಿಮಿಷದಲ್ಲಿ ಹೇಳಿ ಮುಗಿಸಬಹುದು.